ಅಲ್ಪವ್ಯಯದ ವಿಜ್ಞಾನಪ್ರಹಸನ ಚಿತ್ರಗಳಲ್ಲಿ ದೋಷವಿಚಾರ

೧

ಕಾವ್ಯದಲ್ಲಿ ದೋಷವು ಅಲ್ಪವಾದರೂ ಅದನ್ನು ಸಹಿಸಲಾಗದೆಂಬುದು ಆಲಂಕಾರಿಕರೆಲ್ಲರಿಗೂ ಸಮ್ಮತವಾದ ಮಾತು. ದಂಡ್ಯಾಚಾರ್ಯನು ಕಾವ್ಯಾದರ್ಶದ ಆರಂಭದಲ್ಲಿಯೇ ಈ ಎಚ್ಚರಿಕೆಯನ್ನು ಕೊಟ್ಟಿರುತ್ತಾನೆ. ಆದರೆ ಅದೇ ಆಚಾರ್ಯನು ಗ್ರಂಥದ ಕೊನೆಯ ಪರಿಚ್ಛೇದದಲ್ಲಿ ಹತ್ತು ದೋಷಗಳನ್ನು ವಿವರಿಸುವಾಗ, ಅವು ಯಾವ ಯಾವ ಸಂದರ್ಭಗಳಲ್ಲಿ ದೋಷಗಳಾಗುವುದಿಲ್ಲವೆಂಬುದನ್ನೂ ಜೊತೆಜೊತೆಯಾಗಿ ಹೇಳುತ್ತ, ದೇಶಕಾಲಾದಿ ವಿರೋಧಗಳು ಸಹ ಕವಿಯಲ್ಲಿ ಕೌಶಲವಿದ್ದರೆ ಗುಣಪಕ್ಷಕ್ಕೆ ಸೇರಬಲ್ಲವೆಂದು ಒಪ್ಪಿಕೊಂಡಿದ್ದಾನೆ. ಮಮ್ಮಟನು ಇನ್ನೂ ಮುಂದೆ ಹೋಗಿ, ಅನುಕರಣದಲ್ಲಿ ಯಾವ ದೋಷಕ್ಕೂ ದೋಷತ್ವವಿಲ್ಲವೆಂದು ನಿರ್ಣಯಿಸಿರುತ್ತಾನೆ. ದಂಡಿಯ ಹಾದಿಯನ್ನೇ ಬಹುಮಟ್ಟಿಗೆ ಅನುಸರಿಸಿದ ನಮ್ಮ ಕವಿರಾಜಮಾರ್ಗವೂ ತನ್ನ ಪ್ರಥಮ ಪರಿಚ್ಛೇದದಲ್ಲಿ ದೋಷವನ್ನು ಮಾತ್ರವಲ್ಲದೆ ಅದೋಷವನ್ನೂ ನಿರ್ಣಯಿಸಲು ಹೊರಟಿರುವುದು ವಾಚಕರಿಗೆ ವಿದಿತವೇ ಆಗಿದೆ.

ಈ ಸೂತ್ರಕ್ಕೆ ನಾವು ಪಾಠಶಾಲೆಗಳಲ್ಲಿ ಓದುವ ಉದಾಹರಣೆಗಳು ಬಿಡಿಪದ್ಯಗಳು. ಆದಿಯಿಂದ ಅಂತ್ಯದವರೆಗೆ ಬುದ್ಧಿಪೂರ್ವಕವಾಗಿ ದೋಷಗಳನ್ನೇ ಪೋಣಿಸಿದ ಸಂಪೂರ್ಣ ಕೃತಿಯೊಂದು ಸಾಧ್ಯವೇ, ಸಾಧ್ಯವಾದರೆ ಅದು ಸಹೃದಯನಿಗೆ ಆಹ್ಲಾದವನ್ನು ಕೊಡಬಲ್ಲದೇ ಎಂಬ ಪ್ರಶ್ನೆಗೆ ಅವುಗಳಿಂದ ಉತ್ತರ ದೊರೆಯದು. ಈ ಪ್ರಶ್ನೆಗೆ ಉತ್ತರವನ್ನು ಅಮೆರಿಕಾ ದೇಶದ ಚಲಚ್ಚಿತ್ರಗಳ ಒಂದು ವರ್ಗವು ಕೊಟ್ಟಿರುತ್ತದೆ. ಅನ್ಯಲೋಕದ ಜೀವಿಗಳು, ವಿಕಟ ಯಂತ್ರಗಳು, ಹುಚ್ಚು ವಿಜ್ಞಾನಿಗಳು ಇವೇ ವಸ್ತುವಾಗಿ, ಅತ್ಯಲ್ಪ ಹಣದಿಂದ, ಬೇಕೆಂದೇ ಕೆಟ್ಟದಾಗಿ ಕಾಣುವಂತೆ ತಯಾರಿಸಿದ ಹಾಸ್ಯಚಿತ್ರಗಳು ಅವು. ಅವುಗಳಿಗೆ ಇಲ್ಲಿ 'ವಿಜ್ಞಾನಪ್ರಹಸನ'ಗಳೆಂದು ಹೆಸರಿಟ್ಟು, ಅವು ಹುಟ್ಟಿದ ಬಗೆಯನ್ನೂ ಅವುಗಳ ಚೆಲುವಿಗೆ ಕಾರಣವನ್ನೂ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ವಿಷಯವು ಲಘುವಾಗಿ ತೋರಬಹುದು. ಆದರೆ ಬಡವನ ಸೋಲನ್ನು ನೋಡಿ ನಗುವುದು ನ್ಯಾಯವೇ ಎಂಬ ಪ್ರಶ್ನೆಯೂ ಇದರೊಳಗೆ ಅಡಗಿರುವುದರಿಂದ ಇದು ಉಪೇಕ್ಷಿಸತಕ್ಕುದಲ್ಲ.

೨

ಅನುಕರಣಕ್ಕೆ ಅನುಕಾರ್ಯವೊಂದು ಇರಲೇಬೇಕಷ್ಟೆ. ಆದುದರಿಂದ ಮೊದಲು ಮೂಲಚಿತ್ರಗಳನ್ನು ನೋಡಬೇಕು. ೧೯೪೫ರಲ್ಲಿ ಅಣುಬಾಂಬಿನ ಭಯಂಕರ ಶಕ್ತಿಯು ಲೋಕಕ್ಕೆ ತಿಳಿಯಿತು. ೧೯೪೭ರ ಜೂನ್ ತಿಂಗಳಲ್ಲಿ ಕೆನೆತ್ ಆರ್ನಾಲ್ಡ್ ಎಂಬ ವಿಮಾನಚಾಲಕರು ಆಕಾಶದಲ್ಲಿ ವಿಚಿತ್ರ ವಸ್ತುಗಳನ್ನು ಕಂಡುದಾಗಿ ಹೇಳಿದ ಮೇಲೆ 'ಹಾರುವ ತಟ್ಟೆ' ಎಂಬ ಮಾತು ಪತ್ರಿಕೆಗಳಲ್ಲಿ ಹರಡಿತು. ೧೯೪೯ರಲ್ಲಿ ಸೋವಿಯತ್ ರಷ್ಯವೂ ಅಣುಬಾಂಬನ್ನು ಪರೀಕ್ಷಿಸಿತು. ಹೀಗೆ ಭಯಾನಕ ಅದ್ಭುತಗಳೆರಡಕ್ಕೂ ವಿಭಾವಗಳು ಸಿದ್ಧವಾಗಿದ್ದುವು. ಇನ್ನೊಂದು ಕಡೆ, ಚಿತ್ರಗಳನ್ನು ತಯಾರಿಸುವ ದೊಡ್ಡ ಸಂಸ್ಥೆಗಳು ಚಿತ್ರಮಂದಿರಗಳನ್ನೂ ತಮ್ಮ ಹಿಡಿತದಲ್ಲಿಟ್ಟುಕೊಂಡಿದ್ದ ಪದ್ಧತಿಯನ್ನು ೧೯೪೮ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ನಿಷೇಧಿಸಿತು. ಚಿತ್ರಮಂದಿರಗಳಿಗೂ, ಜನರು ಮೋಟಾರುಗಳಲ್ಲಿಯೇ ಕುಳಿತು ನೋಡುವ ಬಯಲು ಪ್ರದರ್ಶನಗಳಿಗೂ, ಒಂದೇ ಟಿಕೆಟ್ಟಿಗೆ ತೋರಿಸುತ್ತಿದ್ದ ಎರಡು ಚಿತ್ರಗಳಲ್ಲಿ ಎರಡನೆಯದನ್ನು ಒದಗಿಸಲು ಸಣ್ಣ ಬಂಡವಾಳದವರಿಗೆ ಅವಕಾಶವಾಯಿತು. ಕೈಯಲ್ಲಿ ಹಣವಿಲ್ಲದೆ ಬ್ರಹ್ಮಾಂಡವನ್ನೇ ತೋರಿಸಬೇಕಾದ ಸಾಹಸಕ್ಕೆ ಇದು ಕಾರಣ.

೧೯೫೩ರಲ್ಲಿ ಫಿಲ್ ಟಕ್ಕರ್ ಎಂಬ ತರುಣರು ನಿರ್ದೇಶಿಸಿದ 'ರೋಬಾಟ್ ಮಾನ್‌ಸ್ಟರ್' ಇದಕ್ಕೆ ಒಳ್ಳೆಯ ಉದಾಹರಣೆ. ಭೂಮಿಯ ಜನರನ್ನೆಲ್ಲ ಕೊಂದು, ಉಳಿದ ಕೆಲವರನ್ನು ಹುಡುಕುತ್ತಿರುವ ಅನ್ಯಲೋಕದ ಯಂತ್ರಮಾನವನು ಇದರ ನಾಯಕ. ಯಂತ್ರಮಾನವನ ಉಡುಪನ್ನು ಮಾಡಿಸಲು ಹಣವಿರಲಿಲ್ಲ. ಆದುದರಿಂದ ಸ್ವಂತ ಗೊರಿಲ್ಲಾ ವೇಷವನ್ನಿಟ್ಟುಕೊಂಡಿದ್ದ ನಟರೊಬ್ಬರನ್ನು ಕರೆದು, ಆ ವೇಷದ ಮೇಲೆ ಆಕಾಶಯಾನದ ಶಿರಸ್ತ್ರಾಣವೊಂದನ್ನು ಇಟ್ಟುಬಿಟ್ಟರು. ಅವನ ಯಂತ್ರಾಗಾರದಿಂದ ಹೊರಡುವ ಮಹಾಶಕ್ತಿಯ ಕುರುಹಾಗಿ ಸಾಬೂನಿನ ಗುಳ್ಳೆಗಳು ಹಾರುತ್ತವೆ. ಆ ಗುಳ್ಳೆಯ ಯಂತ್ರದ ಹೆಸರು ಚಿತ್ರದ ನಾಮಾವಳಿಯಲ್ಲಿಯೂ ಗೌರವದಿಂದ ಅಚ್ಚಾಗಿದೆ. ಚಿತ್ರೀಕರಣವೆಲ್ಲ ನಾಲ್ಕು ದಿವಸಗಳಲ್ಲಿ ಮುಗಿಯಿತೆಂದೂ, ವೆಚ್ಚವು ಸುಮಾರು ೧೬,೦೦೦ ಡಾಲರುಗಳೆಂದೂ ಪ್ರಸಿದ್ಧಿ. ರಾಕ್ಷಸನ ಬೀಡಾಗಿ ತೋರುವ ಗುಹೆಯು ಲಾಸ್ ಏಂಜಲಿಸ್ ನಗರದ ಬ್ರಾನ್ಸನ್ ಕಣಿವೆಯೆಂಬ ಹಳೆಯ ಕಲ್ಲುಗಣಿಯಲ್ಲಿ ಕೊರೆದ ಸುರಂಗ. ಹಾಲಿವುಡ್ಡಿಗೆ ಸಮೀಪದಲ್ಲಿದ್ದುದರಿಂದ ಬಡ ನಿರ್ಮಾಪಕರಿಗೆ ಅದೇ ಚಂದ್ರಲೋಕ, ಅದೇ ಪಾತಾಳ. ಈ ಗುಹೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಎರಡನೆಯ ಉದಾಹರಣೆ ಎಡ್ ವುಡ್ ಅವರ 'ಪ್ಲಾನ್ ನೈನ್ ಫ್ರಮ್ ಔಟರ್ ಸ್ಪೇಸ್'. ೧೯೫೬ರಲ್ಲಿ ಚಿತ್ರಿತವಾಗಿ, ೧೯೫೭ರಲ್ಲಿ ಮೊದಲು ಪ್ರದರ್ಶಿತವಾದ ಈ ಚಿತ್ರದಲ್ಲಿ ದಂಡಿಯು ಹೇಳಿದ ದೋಷಗಳಲ್ಲಿ ಹಲವನ್ನು ಬೆರಳಿಟ್ಟು ತೋರಿಸಬಹುದು. ಒಂದೇ ಪ್ರಸಂಗದಲ್ಲಿ ಒಂದು ನೋಟದಲ್ಲಿ ಹಗಲು, ಮರುನೋಟದಲ್ಲಿ ರಾತ್ರಿ; ಇದು ಕಾಲವಿರೋಧ. ಶ್ಮಶಾನದ ಕಲ್ಲುಗಳು ಕಾಲು ತಗುಲಿದರೆ ಅಲುಗುತ್ತವೆ, ಇದು ಲೋಕವಿರೋಧ. ಮನುಷ್ಯರು ಸೂರ್ಯಪ್ರಕಾಶವನ್ನೇ ಸ್ಫೋಟಿಸುವ ಆಯುಧವನ್ನು ಮಾಡಿಬಿಟ್ಟಾರೆಂದು ಹೆದರಿ ಅದನ್ನು ತಡೆಯಲು ಬಂದ ಅನ್ಯಲೋಕದವರು, ಅದಕ್ಕಾಗಿ ಮೂವರು ಮೃತರನ್ನು ಎಬ್ಬಿಸಿ ತೃಪ್ತರಾಗುತ್ತಾರೆ, ಇದು ನ್ಯಾಯವಿರೋಧ. ಇನ್ನು, ಪ್ರಸಿದ್ಧ ನಟರಾದ ಬೇಲಾ ಲುಗೋಸಿಯವರು ೧೯೫೬ರ ಆಗಸ್ಟ್ ತಿಂಗಳಲ್ಲಿಯೇ ತೀರಿಕೊಂಡಿದ್ದರು. ಅವರನ್ನು ಹಿಂದೆ ಚಿತ್ರಿಸಿದ್ದ ಕೆಲವು ತುಣುಕುಗಳು ಮಾತ್ರ ವುಡ್ಡರ ಬಳಿ ಇದ್ದುವು. ಉಳಿದ ಭಾಗದಲ್ಲಿ ವುಡ್ಡರ ಪತ್ನಿಗೆ ಬೆನ್ನುಮೂಳೆಯ ಚಿಕಿತ್ಸೆ ಮಾಡುತ್ತಿದ್ದವರೊಬ್ಬರು, ಲುಗೋಸಿಯವರಿಗಿಂತ ಎತ್ತರವಾಗಿದ್ದರೂ, ನಿಲುವಂಗಿಯಿಂದ ಮುಖವನ್ನು ಮುಚ್ಚಿಕೊಂಡು ಆ ಪಾತ್ರವನ್ನು ನಡೆಯಿಸಿದರು. ಈ ಚಿತ್ರದ ಹಾರುವ ತಟ್ಟೆಗಳು ಊಟದ ತಟ್ಟೆಗಳೆಂದೂ ಮೋಟಾರು ಚಕ್ರದ ಮುಚ್ಚಳಗಳೆಂದೂ ಜನರು ಹೇಳುವುದುಂಟು. ಅದು ನಿಜವಲ್ಲ, ಅವು ಅಂಗಡಿಯಲ್ಲಿ ಮಕ್ಕಳು ಜೋಡಿಸಿ ಆಡಲೆಂದು ಮಾರುತ್ತಿದ್ದ ಆಟಿಕೆಗಳು.

ಹಾಸ್ಯವು ಶೃಂಗಾರದ ಅನುಕೃತಿಯೆಂದು ಭರತಮುನಿಯು ಹೇಳಿದುದನ್ನು ಅಭಿನವಗುಪ್ತನು ವಿಸ್ತರಿಸಿ, ಯಾವ ರಸವೇ ಆಗಲಿ ಅನೌಚಿತ್ಯದಿಂದ ಆಭಾಸವಾದಾಗ ಹಾಸ್ಯಕ್ಕೆ ವಿಭಾವವಾಗುತ್ತದೆಂದು ಸ್ಥಾಪಿಸಿದ್ದಾನೆ. ಮೇಲಣ ಚಿತ್ರಗಳಲ್ಲಿ ಆದುದು ಇದೇ. ಕರ್ತೃಗಳು ಬಯಸಿದ್ದು ಭಯಾನಕ. ಪ್ರೇಕ್ಷಕರಿಗೆ ದೊರೆತದ್ದು ಭಯಾನಕಾಭಾಸ. ಅದರಿಂದ ಹುಟ್ಟಿದ್ದು ನಗು. ಆದರೆ ಈ ನಗುವಿನಲ್ಲಿ ಕರ್ತೃವಿಗೆ ಪಾಲಿಲ್ಲವೆಂಬುದನ್ನು ಗಮನಿಸಬೇಕು.

೩

ಈ ನಗುವು ಎಷ್ಟು ಕ್ರೂರವಾಗಬಹುದೆಂಬುದಕ್ಕೆ ವುಡ್ಡರ ಚರಿತ್ರೆಯೇ ಸಾಕ್ಷಿ. ೧೯೭೮ರ ಡಿಸೆಂಬರಿನಲ್ಲಿ ಬಾಡಿಗೆ ಕೊಡಲಾರದೆ ಅವರು ಮನೆಯನ್ನು ಬಿಡಬೇಕಾಯಿತು. ಕೆಲವೇ ದಿವಸಗಳಲ್ಲಿ, ಆ ತಿಂಗಳ ೧೦ನೆಯ ತಾರೀಖು, ಸ್ನೇಹಿತರ ಮನೆಯಲ್ಲಿ ೫೪ನೆಯ ವಯಸ್ಸಿನಲ್ಲಿ ತೀರಿಕೊಂಡರು. ೧೯೮೦ರಲ್ಲಿ ಹ್ಯಾರಿ ಮತ್ತು ಮೈಕೇಲ್ ಮೆಡ್ವೆಡ್ ಎಂಬ ಸಹೋದರರು ಪ್ರಕಟಿಸಿದ 'ದಿ ಗೋಲ್ಡನ್ ಟರ್ಕಿ ಅವಾರ್ಡ್ಸ್' ಎಂಬ ಪುಸ್ತಕದಲ್ಲಿ 'ಪ್ಲಾನ್ ನೈನ್' ಅತ್ಯಂತ ಕೆಟ್ಟ ಚಿತ್ರವೆಂದೂ, ವುಡ್ಡರು ಅತ್ಯಂತ ಕೆಟ್ಟ ನಿರ್ದೇಶಕರೆಂದೂ ಘೋಷಿತರಾದರು. ಬದುಕಿದ್ದಾಗ ಬಾರದ ಕೀರ್ತಿಯು ಸತ್ತ ಎರಡು ವರ್ಷಗಳ ಮೇಲೆ ಹಾಸ್ಯದ ಬಹುಮಾನದ ರೂಪದಲ್ಲಿ ಬಂದಿತು.

ಭರತನು ಹಾಸ್ಯವನ್ನು ಆರು ಬಗೆಯಾಗಿ ವಿಭಾಗಿಸಿ, ಸ್ಮಿತ ಹಸಿತಗಳನ್ನು ಉತ್ತಮರಿಗೂ, ವಿಹಸಿತ ಉಪಹಸಿತಗಳನ್ನು ಮಧ್ಯಮರಿಗೂ, ಅಪಹಸಿತ ಅತಿಹಸಿತಗಳನ್ನು ಅಧಮರಿಗೂ ಹೇಳಿದ್ದಾನೆ. ಈ ವಿಭಾಗವು ನಗುವಿನ ಸದ್ದನ್ನೂ ಅಂಗವಿಕಾರವನ್ನೂ ಕುರಿತದ್ದಾದರೂ, ನಗುವವನ ಶೀಲವನ್ನೂ ಅದರಿಂದ ಅಳೆಯಬಹುದು. ಗೊರಿಲ್ಲಾ ವೇಷವನ್ನು ಕಂಡು ನಗೆ ಬರುವುದು ಸಹಜ, ಅದರಲ್ಲಿ ಅಪರಾಧವಿಲ್ಲ. ಆದರೆ ಹಣವಿಲ್ಲದವನು ಶ್ರದ್ಧೆಯಿಂದ ಮಾಡಿದ್ದನ್ನು ಹಣವುಳ್ಳವರು ಬಹುಮಾನ ಕೊಟ್ಟು ಅಣಕಿಸುವುದು ಅಪಹಾಸವೇ ಹೊರತು ಪರಿಹಾಸವಲ್ಲ. ಆ ನಗೆಯನ್ನು ಶುದ್ಧಿಗೊಳಿಸುವ ಮಾರ್ಗವಾವುದು? ನನ್ನ ಅಭಿಪ್ರಾಯದಲ್ಲಿ, ಬೇಕೆಂದೇ ಕೆಟ್ಟದಾಗಿ ಮಾಡಿದ ವಿಜ್ಞಾನಪ್ರಹಸನವೇ ಆ ಮಾರ್ಗ.

೪

ಇಂತಹ ಪ್ರಹಸನಗಳು ಒಮ್ಮೆಗೇ ಹುಟ್ಟಿದುವಲ್ಲ. ಮೂರು ಮೆಟ್ಟಿಲುಗಳನ್ನು ಹತ್ತಿ ಬಂದುವು.

ಮೊದಲನೆಯದು ೧೯೬೦ರಲ್ಲಿ ಹೊರಬಂದ ರೋಜರ್ ಕಾರ್ಮನ್ ಅವರ 'ದಿ ಲಿಟಲ್ ಶಾಪ್ ಆಫ್ ಹಾರರ್ಸ್'. ಬೇರೊಂದು ಚಿತ್ರಕ್ಕಾಗಿ ಕಟ್ಟಿದ್ದ ರಂಗಸಜ್ಜನ್ನು ಒಡೆಯುವುದಕ್ಕೆ ಮುಂಚೆ ಉಪಯೋಗಿಸಿಕೊಂಡು, ಮುಖ್ಯ ಚಿತ್ರೀಕರಣವನ್ನು ಎರಡು ಹಗಲು ಒಂದು ರಾತ್ರಿಯಲ್ಲಿ ಮುಗಿಸಿದರು. ಹೂವಿನಂಗಡಿಯ ಬಡ ಆಳೊಬ್ಬನು ಸಾಕಿದ ವಿಚಿತ್ರ ಗಿಡವು ಮನುಷ್ಯರನ್ನು ತಿನ್ನಲು ತೊಡಗುವುದೇ ಕಥೆ. ಇಲ್ಲಿ ಅವಸರವೂ ಬಡತನವೂ ಹಿಂದಿನ ಚಿತ್ರಗಳಲ್ಲಿದ್ದಂತೆಯೇ ಇವೆ. ಆದರೆ ಚಾರ್ಲ್ಸ್ ಗ್ರಿಫಿತ್ ಅವರು ಕಥೆಯನ್ನು ಬರೆಯುವಾಗಲೇ ಅದು ನಗೆಗಾಗಿಯೆಂದು ನಿಶ್ಚಯಿಸಿದ್ದರು. ಪ್ರೇಕ್ಷಕನಿಗಿಂತ ಮೊದಲು ಕರ್ತೃವೇ ನಕ್ಕಿದ್ದಾನೆ. ಇದು ದೊಡ್ಡ ಭೇದ. ಈ ಕಥೆಯು ೧೯೮೨ರಲ್ಲಿ ಗೀತನಾಟಕವಾಗಿ, ೧೯೮೬ರಲ್ಲಿ ಪುನಃ ಚಿತ್ರವಾಗಿ, ಮೂಲಕ್ಕಿಂತ ಎಷ್ಟೋ ಪಾಲು ಹೆಚ್ಚಿನ ವೈಭವದಿಂದ ಮೆರೆಯಿತು.

ಎರಡನೆಯದು ಜಾನ್ ಕಾರ್ಪೆಂಟರ್ ಮತ್ತು ಡ್ಯಾನ್ ಒ'ಬ್ಯಾನನ್ ಎಂಬ ವಿದ್ಯಾರ್ಥಿಗಳು ೧೯೭೦ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಪ್ರಾರಂಭಿಸಿ, ೧೯೭೪ರಲ್ಲಿ ಹೊರಗೆಡಹಿದ 'ಡಾರ್ಕ್ ಸ್ಟಾರ್'. ಇದರ ವೆಚ್ಚ ಸುಮಾರು ೬೦,೦೦೦ ಡಾಲರು. ಆಕಾಶನೌಕೆಯಲ್ಲಿ ಸಾಕಿರುವ ಅನ್ಯಲೋಕದ ಪ್ರಾಣಿಯು, ಸಮುದ್ರತೀರದಲ್ಲಿ ಮಕ್ಕಳಾಡುವ ಗಾಳಿ ತುಂಬಿದ ಚೆಂಡಿಗೆ ಎರಡು ಕಾಲುಗಳನ್ನು ಅಂಟಿಸಿದ್ದು. ಅದು ಚೆಂಡೆಂಬುದನ್ನು ಮರೆಮಾಡುವ ಯತ್ನವೇ ಇಲ್ಲ. ಇದರ ಕೊನೆಯ ಪ್ರಸಂಗವು ನಮ್ಮ ಶಾಸ್ತ್ರಿಗಳಿಗೆ ವಿಶೇಷವಾಗಿ ರುಚಿಸತಕ್ಕದ್ದು. ಮಾತನಾಡುವ ಬಾಂಬೊಂದು ಸಿಡಿಯಲು ಹಟಹಿಡಿದಾಗ, ನಾವಿಕನೊಬ್ಬನು ಅದರೊಡನೆ ಪ್ರಮಾಣವಿಚಾರವನ್ನು ಎತ್ತಿ, ಸಿಡಿಯಬೇಕೆಂಬ ಆಜ್ಞೆಯು ನಿಜವಾಗಿ ಬಂದಿತೆಂಬುದಕ್ಕೆ ಇಂದ್ರಿಯಗಳ ಹೊರತು ಆಧಾರವೇನೆಂದು ಕೇಳುತ್ತಾನೆ. ಬಾಂಬು ಯೋಚಿಸಲು ತೊಡಗುತ್ತದೆ. ಯೋಚಿಸಿ, ತಾನಲ್ಲದೆ ಬೇರೊಂದಿಲ್ಲವೆಂಬ ನಿರ್ಣಯಕ್ಕೆ ಬಂದು, ಸೃಷ್ಟಿಕರ್ತನ ಗಾಂಭೀರ್ಯದಿಂದ ಸಿಡಿದುಬಿಡುತ್ತದೆ. ಅರ್ಧ ಕಲಿತ ಅದ್ವೈತದ ಅಪಾಯವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ. ಚೆಂಡಿನ ಪ್ರಾಣಿಯು ಸಾಕಷ್ಟು ನಗಿಸಲಿಲ್ಲವೆಂದು ಬಗೆದ ಒ'ಬ್ಯಾನನ್ ಅವರು ಅದೇ ಕಲ್ಪನೆಯನ್ನು ಹೆದರಿಸುವುದಕ್ಕೆ ತಿರುಗಿಸಿ ಬರೆದುದೇ ೧೯೭೯ರ ಪ್ರಸಿದ್ಧ ಚಿತ್ರವಾದ 'ಏಲಿಯನ್'. ಹಾಸ್ಯವೂ ಭಯಾನಕವೂ ಎಷ್ಟು ಹತ್ತಿರದ ನೆಂಟರೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಮೂರನೆಯದು ೧೯೭೮ರ 'ಅಟ್ಯಾಕ್ ಆಫ್ ದಿ ಕಿಲ್ಲರ್ ಟೊಮೇಟೋಸ್'. ಸ್ಯಾನ್ ಡಿಯೇಗೋ ನಗರದ ಗೆಳೆಯರು ಲಕ್ಷ ಡಾಲರಿಗೆ ಒಳಗಾದ ವೆಚ್ಚದಲ್ಲಿ ತಯಾರಿಸಿದ ಇದರಲ್ಲಿ ಟೊಮೇಟೋ ಹಣ್ಣುಗಳು ಉರುಳಿಕೊಂಡು ಬಂದು ಜನರನ್ನು ಕೊಲ್ಲುತ್ತವೆ. ಚಿತ್ರೀಕರಣದ ಸಮಯದಲ್ಲಿ ಹೆಲಿಕಾಪ್ಟರೊಂದು ಇಳಿಯುವಾಗ ಅಕಸ್ಮಾತ್ತಾಗಿ ನೆಲಕ್ಕೆ ಬಡಿದು ಉರುಳಿತು. ದೈವವಶಾತ್ ಯಾರೂ ಸಾಯಲಿಲ್ಲ. ಕ್ಯಾಮೆರಾ ತಿರುಗುತ್ತಲೇ ಇದ್ದಿತು. ಆ ಅಪಘಾತವನ್ನೇ ಕಥೆಯಲ್ಲಿ ಸೇರಿಸಿಕೊಂಡರು. ಇಡೀ ಚಿತ್ರದಲ್ಲಿ ದೊಡ್ಡ ಖರ್ಚಿನ ದೃಶ್ಯವೆಂದು ತೋರುವುದು ಇದೊಂದೇ. ಅದೂ ಯಾರೂ ಬಯಸದೆ ಬಂದದ್ದು.

೫

ಇನ್ನು ಪೂರ್ವಪಕ್ಷವನ್ನು ಕೇಳೋಣ. ೧೯೬೪ರಲ್ಲಿ ಸೂಸನ್ ಸೊಂಟಾಗ್ ಎಂಬ ಅಮೆರಿಕಾದ ವಿದುಷಿಯವರು 'ಕ್ಯಾಂಪ್' ಎಂಬ ಅಭಿರುಚಿಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಅತಿರೇಕದಿಂದ ವಿಫಲವಾದ ಕೃತಿಗಳ ಸೊಗಸನ್ನು ಸವಿಯುವ ಬಗೆಯನ್ನು ವಿವೇಚಿಸಿದ್ದಾರೆ. ಅವರ ಮತದಂತೆ, ತನ್ನ ವೈಫಲ್ಯವನ್ನರಿಯದೆ ಗಂಭೀರವಾಗಿಯೇ ಮಾಡಿದ ಮುಗ್ಧಕೃತಿಯಲ್ಲಿ ಈ ಸೊಗಸು ಶುದ್ಧವಾಗಿರುತ್ತದೆ. ಬೇಕೆಂದು ಮಾಡಿದ್ದರಲ್ಲಿ ಸಾಮಾನ್ಯವಾಗಿ ಅಷ್ಟು ತೃಪ್ತಿಯಿರುವುದಿಲ್ಲ. ಈ ವಾದದಲ್ಲಿ ಹುರುಳಿದೆ. ಮಗುವಿನ ತೊದಲುಮಾತು ಇಂಪು. ದೊಡ್ಡವನು ತೊದಲಿದರೆ ಅಸಹ್ಯ. ಅರ್ಥಹೀನವಾದ ಮಾತು ಉನ್ಮತ್ತರ, ಮತ್ತರ, ಬಾಲರ ಬಾಯಲ್ಲಿ ಮಾತ್ರ ದೋಷವಲ್ಲವೆಂದು ದಂಡಿಯೂ ಹೇಳಿದ್ದಾನೆ. ವುಡ್ಡರಲ್ಲಿ ಆ ಬಾಲಭಾವವಿತ್ತು. ಅನುಕರಿಸುವವರಲ್ಲಿ ಅದು ಎಲ್ಲಿಂದ ಬರಬೇಕು?

ಇದಕ್ಕೆ ಸಮಾಧಾನ: ಬಾಲರ ಮತ್ತು ಉನ್ಮತ್ತರ ಮಾತನ್ನು ಕಾವ್ಯದಲ್ಲಿ ತರುವವನು ಬಾಲನೂ ಅಲ್ಲ, ಉನ್ಮತ್ತನೂ ಅಲ್ಲ, ಕವಿ. ಆ ಮಾತು ಬಾಲನದೆಂಬ ಪ್ರತೀತಿಯು ಕೇಳುವವನಿಗೆ ಉಂಟಾಗುವಂತೆ ಮಾಡುವುದೇ ಅವನ ಕೌಶಲ. ಆದುದರಿಂದ ಪ್ರಶ್ನೆಯು ದೋಷವು ಬುದ್ಧಿಪೂರ್ವಕವೇ ಅಲ್ಲವೇ ಎಂಬುದಲ್ಲ. ದೋಷದ ಹಿಂದಿರುವ ಮುಗ್ಧಶ್ರದ್ಧೆಯನ್ನು ಕೂಡ ಅನುಕರಿಸಲಾಗಿದೆಯೇ ಎಂಬುದು. ದೋಷವನ್ನು ಮಾತ್ರ ಅನುಕರಿಸಿದರೆ ಅಣಕವಾಗುತ್ತದೆ. ಶ್ರದ್ಧೆಯೊಡನೆ ಅನುಕರಿಸಿದರೆ ಪ್ರಹಸನವಾಗುತ್ತದೆ.

ಈ ಸಿದ್ಧಾಂತಕ್ಕೆ ಲ್ಯಾರಿ ಬ್ಲಾಮೈರ್ ಅವರ 'ದಿ ಲಾಸ್ಟ್ ಸ್ಕೆಲಿಟನ್ ಆಫ್ ಕಡಾವ್ರ' ಎಂಬ ಚಿತ್ರವು ಅತ್ಯುತ್ತಮ ಲಕ್ಷ್ಯ. ೨೦೦೧ರಲ್ಲಿ ಮೊದಲು ತೋರಿಸಲ್ಪಟ್ಟು ೨೦೦೪ರಲ್ಲಿ ಚಿತ್ರಮಂದಿರಗಳಿಗೆ ಬಂದ ಇದಕ್ಕೆ ತಗುಲಿದ್ದು ಲಕ್ಷ ಡಾಲರಿಗಿಂತ ಕಡಿಮೆ. ಡಿಜಿಟಲ್ ಯಂತ್ರದಿಂದ ತೆಗೆದು, ೧೯೫೦ರ ದಶಕದ ಚಿತ್ರಗಳಂತೆ ಕಪ್ಪು ಬಿಳುಪಿಗೆ ತಿರುಗಿಸಲಾಗಿದೆ. ಉಲ್ಕೆಯೊಂದರಲ್ಲಿರುವ 'ಅಟ್ಮಾಸ್ಫಿಯರಿಯಮ್' ಎಂಬ ಅಪೂರ್ವ ಧಾತುವನ್ನು ಹುಡುಕುವ ವಿಜ್ಞಾನಿ ಮತ್ತು ಅವನ ಹೆಂಡತಿ, ಅದೇ ಧಾತುವು ಬೇಕಾಗಿ ಭೂಮಿಗಿಳಿದ ಅನ್ಯಲೋಕದ ದಂಪತಿಗಳು, ಅದರಿಂದ ಗುಹೆಯ ಅಸ್ಥಿಪಂಜರವನ್ನು ಎಬ್ಬಿಸಲೆಳಸುವ ದುಷ್ಟವಿಜ್ಞಾನಿ, ಇವರೆಲ್ಲರೂ ಒಂದು ಬೆಟ್ಟದಲ್ಲಿ ಸೇರುತ್ತಾರೆ. ದುಷ್ಟನು ಕಾಡಿನ ನಾಲ್ಕು ಪ್ರಾಣಿಗಳನ್ನು ಕೂಡಿಸಿ ಒಬ್ಬ ಸ್ತ್ರೀಯನ್ನು ಸೃಷ್ಟಿಸುತ್ತಾನೆ. ಊಟಕ್ಕೆ ಕುಳಿತಾಗ ಅವಳು ತಟ್ಟೆಗೆ ಮುಖವನ್ನಿಟ್ಟು ತಿನ್ನುತ್ತಾಳೆ. ಮಿಕ್ಕವರು ಸಭ್ಯತೆಯನ್ನು ಬಿಡದೆ ಊಟವನ್ನು ಮುಂದುವರಿಸುತ್ತಾರೆ.

ಇದರ ಸಂಭಾಷಣೆಯಲ್ಲಿ ದಂಡಿಯ ಏಕಾರ್ಥದೋಷವು, ಅಂದರೆ ಹೇಳಿದ್ದನ್ನೇ ಹೇಳುವುದು, ಬಹು ನಿಪುಣವಾಗಿ ಪ್ರಯುಕ್ತವಾಗಿದೆ. ಪಾತ್ರಗಳು ವಿಜ್ಞಾನದ ಹೆಸರನ್ನು ಜಪದಂತೆ ಉಚ್ಚರಿಸುತ್ತವೆ. ಒಂದೇ ಅರ್ಥವನ್ನು ಸುತ್ತಿ ಬಳಸಿ ಮತ್ತೆ ಅಲ್ಲಿಗೇ ತರುತ್ತವೆ. ಅಸ್ಥಿಪಂಜರವನ್ನು ಎಳೆಯುವ ದಾರಗಳು ಕಣ್ಣಿಗೆ ಬೀಳುತ್ತವೆ. ಆದರೆ ನಟರಲ್ಲಿ ಒಬ್ಬರಾದರೂ ನಗುವುದಿಲ್ಲ, ಪ್ರೇಕ್ಷಕರ ಕಡೆಗೆ ಕಣ್ಣು ಮಿಟುಕಿಸುವುದಿಲ್ಲ. ಭರತನು ಹಾಸ್ಯವನ್ನು ಆತ್ಮಸ್ಥ ಪರಸ್ಥವೆಂದು ಎರಡಾಗಿ ಮಾಡಿ, ತಾನೇ ನಗುವುದು ಮೊದಲನೆಯದು, ಪರರನ್ನು ನಗಿಸುವುದು ಎರಡನೆಯದು ಎಂದಿದ್ದಾನೆ. ಇಲ್ಲಿರುವುದು ಶುದ್ಧವಾದ ಪರಸ್ಥ. ಏಕಾರ್ಥವು ಅನುಕಂಪಾದಿಗಳ ಅತಿಶಯವನ್ನು ಸೂಚಿಸುವಲ್ಲಿ ದೋಷವಲ್ಲವೆಂಬ ದಂಡಿಯ ಮಾತು ಕೂಡ ಇಲ್ಲಿ ಬೇರೊಂದು ಬಗೆಯಲ್ಲಿ ಸಾರ್ಥಕವಾಗಿದೆ. ಪಾತ್ರಗಳು ಪುನರುಕ್ತಿ ಮಾಡಿದಷ್ಟೂ ನಮಗೆ ಅವರ ಮೇಲೆ ಅಕ್ಕರೆಯೇ ಹೆಚ್ಚುತ್ತದೆ. ಹಾಗೆ ಅಕ್ಕರೆ ಹುಟ್ಟುವುದು, ಬ್ಲಾಮೈರ್ ಅವರಿಗೆ ಹಳೆಯ ಚಿತ್ರಗಳ ಮೇಲೆ ಇದ್ದ ಅಕ್ಕರೆಯು ಪ್ರತಿಯೊಂದು ತಪ್ಪಿನಲ್ಲಿಯೂ ಕಾಣುವುದರಿಂದ. ಅವರೇ ಕವಿ, ಅವರೇ ನಿರ್ದೇಶಕ, ನಾಯಕನಾದ ವಿಜ್ಞಾನಿಯ ವೇಷವೂ ಅವರದೇ. ನಗೆಗೆ ಗುರಿಯಾಗುವ ಜಾಗದಲ್ಲಿ ತಾವೇ ಹೋಗಿ ನಿಂತಿದ್ದಾರೆ.

೬

ಇದರಿಂದ ಈ ವರ್ಗದ ಚಿತ್ರಗಳೆಲ್ಲವೂ ಸೊಗಸೆಂದು ಭ್ರಮಿಸಬಾರದು. ೨೦೧೩ರಲ್ಲಿ ಅಮೆರಿಕಾದ ಟೆಲಿವಿಷನ್ನಿನಲ್ಲಿ ಪ್ರಸಾರವಾದ 'ಶಾರ್ಕ್‌ನೇಡೋ' ಎಂಬ ಚಿತ್ರದಲ್ಲಿ ಸುಂಟರಗಾಳಿಯು ಸಮುದ್ರದ ಶಾರ್ಕ್ ಮೀನುಗಳನ್ನು ಎತ್ತಿ ತಂದು ನಗರದ ಮೇಲೆ ಸುರಿಯುತ್ತದೆ. ಕಲ್ಪನೆಯು ವಿನೋದವಾದದ್ದೇ, ಜನರೂ ಬಹಳವಾಗಿ ನಕ್ಕರು. ಅದನ್ನು ಕಂಡು ೨೦೧೮ರೊಳಗೆ ಒಂದಾದ ಮೇಲೊಂದರಂತೆ ಇನ್ನೂ ಐದು ಚಿತ್ರಗಳು ಬಂದುವು. ಅಲ್ಲಿ ಕೆಟ್ಟತನವು ಮಾರಾಟದ ಸರಕಾಯಿತು. ದೋಷವಿತ್ತು, ಶ್ರದ್ಧೆಯ ಅನುಕರಣವು ಬರಬರುತ್ತ ಸವೆಯಿತು. ಸೊಂಟಾಗ್ ಅವರ ಆಕ್ಷೇಪವು ಇಂತಹ ಕಡೆ ಪೂರ್ಣವಾಗಿ ಅನ್ವಯಿಸುತ್ತದೆಂದು ಒಪ್ಪತಕ್ಕದ್ದೇ. ಒಮ್ಮೆ ಗುಣವಾದ ದೋಷವು ಅಭ್ಯಾಸದಿಂದ ಪುನಃ ದೋಷವೇ ಆಗುತ್ತದೆ.

ವುಡ್ಡರ ವಿಷಯದಲ್ಲಿಯೂ ಲೋಕವು ಕಾಲಕ್ರಮದಲ್ಲಿ ತನ್ನ ನಗೆಯನ್ನು ತಿದ್ದಿಕೊಂಡಿತು. ೧೯೯೪ರಲ್ಲಿ ಟಿಮ್ ಬರ್ಟನ್ ಅವರು ವುಡ್ಡರ ಜೀವನವನ್ನೇ ಕಪ್ಪು ಬಿಳುಪಿನ ಚಿತ್ರವಾಗಿ ಮಾಡಿ, ಅವರ ಉತ್ಸಾಹವನ್ನು ಪರಿಹಾಸದೊಡನೆಯೇ ಗೌರವಿಸಿದರು. ಅದರಲ್ಲಿ ಲುಗೋಸಿಯವರ ಪಾತ್ರವನ್ನು ವಹಿಸಿದ ಮಾರ್ಟಿನ್ ಲ್ಯಾಂಡೋ ಅವರಿಗೆ ಆಸ್ಕರ್ ಪ್ರಶಸ್ತಿಯು ದೊರೆಯಿತು. ಹದಿನಾಲ್ಕು ವರ್ಷಗಳ ಹಿಂದೆ ಅಪಹಾಸದ ಬಹುಮಾನ ಬಂದಿದ್ದ ಹೆಸರಿನ ಸುತ್ತ ಈಗ ಆದರದ ಬಹುಮಾನ ಬಂದಿತು. ಆದರೆ ಅದನ್ನು ನೋಡಲು ವುಡ್ಡರು ಇರಲಿಲ್ಲ.

ಆದುದರಿಂದ ನಿಷ್ಕರ್ಷೆ ಇಷ್ಟು. ಈ ಪ್ರಹಸನಗಳ ಚೆಲುವಿಗೆ ಕಾರಣವು ದೋಷವಲ್ಲ, ಬಡತನವೂ ಅಲ್ಲ. ಹಿಂದಿನವರ ದೋಷವನ್ನೂ ಬಡತನವನ್ನೂ ಅವರ ಶ್ರದ್ಧೆಯೊಡನೆ ತನ್ನ ಮೈಮೇಲೆ ಹಾಕಿಕೊಂಡು, ನಗೆಯನ್ನು ತಾನು ಸ್ವೀಕರಿಸುವ ಕರ್ತೃವಿನ ಕೌಶಲ. ಹಿಂದೆ ನಾನು ನೆನಪಿನಲ್ಲಿಡಲು ಹೇಳಿದ ಬ್ರಾನ್ಸನ್ ಗುಹೆಯನ್ನು ಇಲ್ಲಿ ಮತ್ತೆ ಎತ್ತಬೇಕು. ೧೯೫೩ರಲ್ಲಿ ಶಿರಸ್ತ್ರಾಣ ತೊಟ್ಟ ಗೊರಿಲ್ಲಾ ಸುಳಿದಾಡಿದ ಆ ಕಣಿವೆಯಲ್ಲಿಯೇ, ಸುಮಾರು ಅರ್ಧಶತಮಾನ ಕಳೆದ ಮೇಲೆ, ಕಡಾವ್ರದ ಅಸ್ಥಿಪಂಜರದ ಚಿತ್ರೀಕರಣವೂ ನಡೆಯಿತು. ಬ್ಲಾಮೈರ್ ಅವರಿಗೆ ಅದು ಅಗ್ಗದ ಜಾಗವೂ ಹೌದು, ಹಿರಿಯರ ಜಾಗವೂ ಹೌದು. ಅಲಂಕಾರಶಾಸ್ತ್ರವನ್ನು ಬಲ್ಲವರು ಈ ಚಿತ್ರಗಳನ್ನು ತಾವೇ ನೋಡಿ, ದಂಡಿಯ ಉಳಿದ ದೋಷಗಳಿಗೂ ಅವುಗಳಲ್ಲಿ ಲಕ್ಷ್ಯಗಳಿವೆಯೇ ಎಂಬುದನ್ನು ವಿಚಾರಿಸಬೇಕೆಂದು ಕೋರುತ್ತೇನೆ.